ಸಾಗರದಿಂದ ಪೆನ್‌ಡ್ರೈವಿನಲ್ಲಿ ತಂದ ಕೈಪಿಡಿಗಳು

ಕಂಪ್ಯೂಟರಿಗೆ ಕೈಪಿಡಿ ಹಾಕುವುದೆಂದರೆ ಕಪಾಟಿಗೆ ಪುಸ್ತಕ ಜೋಡಿಸಿದ ಹಾಗೆಯೇ ಇರಬೇಕು ಎಂದುಕೊಂಡು ನಾನು ಹೂಂ ಅಂದುಬಿಟ್ಟೆ.

ಕೇಳಿದವಳು ತೀರ್ಥಹಳ್ಳಿಯ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಸಹಾಯಕಿಯಾಗಿದ್ದ ನಮ್ಮೂರ ಹುಡುಗಿ. ಹುಡುಗಿ ಎಂದರೆ ಮೂವತ್ತಾರು ವರ್ಷದವಳು. ನನ್ನ ಪ್ರಕಾರ ಮೊಣಕಾಲು ನೋಯದವರೆಲ್ಲ ಹುಡುಗಿಯರೇ. ಅವಳ ತಾಯಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ನೋಡಿಕೊಳ್ಳಲು ಬೇರೆ ಜನವಿಲ್ಲದೆ ಇವಳು ರಜೆ ಹಾಕಿ ಬಂದಿದ್ದಳು. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಪಕ್ಕದ ಮನೆಯಾಕೆ ತಾಯಿಯ ಹತ್ತಿರ ಕೂರುತ್ತಿದ್ದಳು. ಆ ಎರಡು ಗಂಟೆ ಇವಳು ನಮ್ಮ ವಾಚನಾಲಯಕ್ಕೆ ಬರುತ್ತಿದ್ದಳು.

ನಮ್ಮ ಊರು ಸಾಗರದಿಂದ ಹೊಸನಗರಕ್ಕೆ ಹೋಗುವ ದಾರಿಯಲ್ಲಿದೆ. ಮಹಿಳಾ ಮಂಡಳಿಯ ವಾಚನಾಲಯ ಡೈರಿಯ ಪಕ್ಕದ ಕೋಣೆ. ಅದರ ಬೀಗದ ಕೈ ನನ್ನ ಸೊಂಟದಲ್ಲಿರುತ್ತದೆ. ಅಲ್ಲೊಂದು ಕಂಪ್ಯೂಟರ್ ಇದೆ. ಯಾರೋ ದಾನ ಕೊಟ್ಟ ಹಳೆಯದು, ಲಿನಕ್ಸ್ ಹಾಕಿದ್ದು. ಇಂಟರ್ನೆಟ್ ಇಲ್ಲ. ಊರಿನ ಟವರಿನಲ್ಲಿ ಫೋನಿನ ಮಾತು ಹೇಗೋ ಆಗುತ್ತದೆ, ಇಂಟರ್ನೆಟ್ ಮಾತ್ರ ಚಕ್ರ ತಿರುಗಿಸುತ್ತಾ ಕೂರುತ್ತದೆ.

"ಅಜ್ಜಿ, ನಮ್ ಕಾಲೇಜಲ್ಲಿರೋದೂ ಇದೇ ಲಿನಕ್ಸು," ಅಂದಳು ಒಂದು ದಿನ. "ಇನ್ನು ಹದಿನೆಂಟು ದಿನಕ್ಕೆ ಪರೀಕ್ಷೆ ಇಟ್ಟಿದಾರೆ. ನಾವು ಮೂರು ಜನ ಟೆಂಪರರಿ ಇದೀವಿ. ಇಬ್ರನ್ನ ಉಳಿಸ್ಕೊಳ್ತಾರೆ."

"ಉಳಿದವಳಿಗೆ?"

"ಜೂನಿಂದ ಬರೋದು ಬೇಡ ಅಂತಾರೆ."

ಪರೀಕ್ಷೆಯ ಕ್ರಮವನ್ನೂ ಹೇಳಿದಳು. ಲ್ಯಾಬಿನಲ್ಲೇ ಎರಡು ಗಂಟೆ. ಅವತ್ತು ಇಂಟರ್ನೆಟ್ ತೆಗೆದಿಡುತ್ತಾರೆ. ಪ್ರೋಗ್ರಾಂ ಬರೆಯುವಾಗ ಏನಾದರೂ ಮರೆತರೆ ಕಂಪ್ಯೂಟರಿನ ಒಳಗೇ ಇರುವ ಕೈಪಿಡಿ ತೆರೆದು ನೋಡಬಹುದು, ಬೇರೇನೂ ನೋಡುವ ಹಾಗಿಲ್ಲ. ಒಂದು ಪ್ರಶ್ನೆ ಪೈಥಾನ್ ಭಾಷೆಯದ್ದು, ಇನ್ನೊಂದು ಡೇಟಾಬೇಸಿನದ್ದು. ಎರಡೂ ಕೈಪಿಡಿ ಸಾವಿರಾರು ಪುಟದವು. ಎಲ್ಲಿ ಏನಿದೆ ಎಂದು ಮೊದಲೇ ಓಡಾಡಿ ಗೊತ್ತಿರದವರು ಹುಡುಕುವುದರಲ್ಲೇ ಎರಡು ಗಂಟೆ ಕಳೆಯುತ್ತಾರಂತೆ.

"ಹಂಗಾದ್ರೆ ಇದ್ರಲ್ಲೂ ಹಾಕ್ಕೊಂಡು ಓದೇ," ಅಂದೆ.

"ತರೋರು ಯಾರು ಅಜ್ಜಿ? ಸಾಗರಕ್ಕೆ ಹೋಗಿ ಬರೋಕೆ ಅರ್ಧ ದಿನ ಬೇಕು. ಅಮ್ಮನ್ನ ಮಗ್ಲು ತಿರ್ಗ್ಸೋರು ಯಾರು?"

ಪತ್ರಿಕೆ ತರಲು ನಾನು ಹೇಗೂ ಸಾಗರಕ್ಕೆ ಹೋಗುವವಳು. ಸೆರಗಿನ ತುದಿಗೆ ಪೆನ್‌ಡ್ರೈವ್ ಕಟ್ಟಿಕೊಂಡು ಹೊರಟೆ.

ಸಾಗರದ ಬಸ್ ಸ್ಟ್ಯಾಂಡಿನ ಹಿಂದೆ ನನಗೆ ಪರಿಚಯದ ಒಂದು ಝೆರಾಕ್ಸ್ ಅಂಗಡಿ ಇದೆ, ನಡೆಸುವವಳೂ ಹೆಂಗಸು. ಹುಡುಗಿ ಬರೆದುಕೊಟ್ಟ ಚೀಟಿ ನೋಡಿ, "ಪೈಥಾನ್ ಮ್ಯಾನ್ಯುಯಲ್ಲಾ? ಯಾರಿಗೆ, ನಿಮಗಾ ಅಜ್ಜಿ?" ಅಂದಳು.

"ಮತ್ತೆ? ಹಾವಾಡ್ಸೋಣ ಅಂತ."

ಅವಳು ನಕ್ಕು ಕಂಪ್ಯೂಟರಿನಲ್ಲಿ ಆ ಪುಟ ತೆರೆದು ಉಳಿಸಿ ಪೆನ್‌ಡ್ರೈವಿಗೆ ಹಾಕಿದಳು. ಎರಡು ನಿಮಿಷದ ಕೆಲಸ. ಇಷ್ಟು ಸುಲಭಕ್ಕೆ ಆ ಹುಡುಗಿ ಯಾಕೆ ಹಾಗೆ ಮುಖ ಮಾಡಿದಳೋ ಎಂದುಕೊಂಡೆ. ಸಂಜೆ ವಾಚನಾಲಯದಲ್ಲಿ ತೆರೆದರೆ ವಿಷಯಸೂಚಿ ಚೆನ್ನಾಗಿ ಕಾಣಿಸಿತು. ಯಾವ ಅಧ್ಯಾಯ ಒತ್ತಿದರೂ 'ಸಂಪರ್ಕವಿಲ್ಲ' ಎಂದು ಬಂತು. ಉಳಿಸಿಕೊಂಡದ್ದು ಮೊದಲ ಪುಟವನ್ನು ಮಾತ್ರ. ಉಳಿದದ್ದೆಲ್ಲ ಇನ್ನೂ ಇಂಟರ್ನೆಟ್ಟಿನಲ್ಲೇ ಇತ್ತು. ರಟ್ಟು ತಂದು ಪುಸ್ತಕ ಬಿಟ್ಟು ಬಂದಿದ್ದೆ.

ಎರಡನೇ ಸಲ ಅವಳು ಯೋಚನೆ ಮಾಡಿ ಹೇಳಿದಳು. ಕೈಪಿಡಿಗಳನ್ನು ಹುಡುಕಿ ಓದಲೆಂದೇ ಒಂದು ತಂತ್ರಾಂಶ ಇದೆಯಂತೆ, ಅದನ್ನು ಹಾಕಿಕೊಂಡರೆ ಎಲ್ಲ ಭಾಷೆಯ ಕೈಪಿಡಿಯೂ ಒಂದೇ ಕಡೆ ಸಿಗುತ್ತದಂತೆ. ಅದನ್ನು ತಂದೆ. ಕಂಪ್ಯೂಟರ್ ತೆಗೆದುಕೊಳ್ಳಲಿಲ್ಲ. ಅದು ಅರವತ್ನಾಲ್ಕು ಬಿಟ್ಟಿನ ಯಂತ್ರಕ್ಕೆ ಮಾಡಿದ್ದು, ನಮ್ಮದು ಮೂವತ್ತೆರಡರದ್ದು.

"ಅಂದ್ರೆ ಎಂತದೇ?"

"ಅಂದ್ರೆ ಅಜ್ಜಿ... ಇದು ಹಳೇದು. ಹೊಸ ಯಂತ್ರದ್ದು ಇದಕ್ಕೆ ಆಗಲ್ಲ."

"ನನ್ ಥರಾ ಅನ್ನು."

ಅವಳು ನಗಲಿಲ್ಲ. ಗೋಡೆಯ ಕ್ಯಾಲೆಂಡರ್ ನೋಡಿದಳು. ಏಳು ದಿನ ಹೋಗಿತ್ತು.

ಮೂರನೇ ಪ್ರಯಾಣಕ್ಕೆ ಅವಳು ಸರಿಯಾಗಿ ತಯಾರಿ ಮಾಡಿದಳು. ಲಿನಕ್ಸಿನಲ್ಲಿ ಒಂದು ತಂತ್ರಾಂಶ ಕೂರಬೇಕಾದರೆ ಅದಕ್ಕೆ ಮೊದಲು ಬೇರೆ ಕೆಲವು ಕೂತಿರಬೇಕು, ಅವಕ್ಕೆ ಇನ್ನು ಕೆಲವು. ಮದುಮಗನ ಕಡೆ ದಿಬ್ಬಣದ ಹಾಗೆ. ಒಬ್ಬರನ್ನು ಕರೆದರೆ ಆಗುವುದಿಲ್ಲ. ಕಂಪ್ಯೂಟರನ್ನೇ ಕೇಳಿ, ಏನೇನು ಬೇಕು, ಇಂಟರ್ನೆಟ್ಟಿನಲ್ಲಿ ಅವುಗಳ ವಿಳಾಸವೇನು ಎಂಬ ಪೂರ್ತಿ ಪಟ್ಟಿಯನ್ನು ಒಂದು ಫೈಲಿನಲ್ಲಿ ಬರೆಸಿ ಪೆನ್‌ಡ್ರೈವಿನಲ್ಲೇ ಹಾಕಿಕೊಟ್ಟಳು. ಕೈಪಿಡಿಗಳು, ಓದುವ ತಂತ್ರಾಂಶ, ಅದರ ಬಳಗ, ಎಲ್ಲ ಸೇರಿ ನಲವತ್ತೊಂದು.

ಝೆರಾಕ್ಸ್ ಅಂಗಡಿಯವಳು ಅವತ್ತು ಗಿರಾಕಿಗಳನ್ನು ಕಾಯಿಸಿ ನಲವತ್ತೊಂದನ್ನೂ ಇಳಿಸಿದಳು. ಯಾವ ಫೈಲ್ ಎಲ್ಲಿದೆ ಎಂದು ತಿಳಿಸುವ ಸೂಚಿಯೊಂದನ್ನೂ ಸೇರಿಸಿದಳು. ಎಣಿಸಿ ನೋಡಿಕೊಳ್ಳಲೆಂದು ನನ್ನ ಫೋನಿಗೆ ಪೆನ್‌ಡ್ರೈವ್ ಸಿಕ್ಕಿಸುವ ಒಂದು ಸಣ್ಣ ಕೊಂಡಿಯನ್ನೂ ಕೊಟ್ಟಳು. "ಮುಂದಿನ ವಾರ ವಾಪಸ್ ತನ್ನಿ ಅಜ್ಜಿ," ಅಂದಳು.

ಆ ಕೊಂಡಿ ನನ್ನ ಕೈಗೆ ಬರಬಾರದಿತ್ತು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಫೈಲುಗಳನ್ನು ತೆರೆದು ನೋಡಿದೆ. ಒಂದೊಂದರ ಹೆಸರೂ ರೈಲಿನಷ್ಟು ಉದ್ದ: ಇಂಗ್ಲಿಷ್ ಅಕ್ಷರ, ಅಡ್ಡಗೆರೆ, ಅಂಕಿ, ಚುಕ್ಕಿ, ಮತ್ತೆ ಅಂಕಿ. ನಮ್ಮ ವಾಚನಾಲಯಕ್ಕೆ ಯಾವ ಪುಸ್ತಕ ಬಂದರೂ ನಾನು ಮಾಡುವ ಕ್ರಮ ಒಂದೇ. ಮೊದಲು ರಿಜಿಸ್ಟರಿನಲ್ಲಿ ಕ್ರಮಸಂಖ್ಯೆ ಬರೆಯುತ್ತೇನೆ. ಆಮೇಲೆ ಹೊದಿಕೆ ಹಾಕಿ ಬೆನ್ನಿನ ಮೇಲೆ ಕನ್ನಡದಲ್ಲಿ ಚಿಕ್ಕ ಹೆಸರು ಬರೆದು ವಿಷಯದ ಕಪಾಟಿಗೆ ಸೇರಿಸುತ್ತೇನೆ. ಹೆಸರು ಬರೆಯದ ಪುಸ್ತಕ ಕಪಾಟಿಗೆ ಏರುವುದಿಲ್ಲ. ಫೋನಿನಲ್ಲಿ ಕನ್ನಡ ಟೈಪ್ ಮಾಡಲು ಕಲಿತು ಎರಡೇ ತಿಂಗಳಾಗಿತ್ತು. ಬೆರಳಿಗೆ ಕೆಲಸ ಬೇಕಿತ್ತು. ಆ ಹುಡುಗಿಗೂ ಅನುಕೂಲವಾಗಲಿ ಎಂದು ಶುರು ಮಾಡಿದೆ.

ಇಂಗ್ಲಿಷ್ ಅಕ್ಷರ ಕೂಡಿಸಿ ಓದಲು ನನಗೆ ಬರುತ್ತದೆ. ಅರ್ಥವಾದದ್ದಕ್ಕೆ ಅರ್ಥದ ಹೆಸರು, ಆಗದ್ದಕ್ಕೆ ನನಗೆ ತೋಚಿದ್ದು. ಪೈಥಾನ್ ಪಾಠ. ಅಕ್ಷರ ಚಂದ. ಬಣ್ಣದ ಸಾಮಾನು. ಚಿಲ್ಲರೆ. ಇನ್ನೊಂದು ಚಿಲ್ಲರೆ. ಹೆಸರು ಬದಲಾಯಿಸಿದ್ದನ್ನು 'ಕಪಾಟು' ಎಂಬ ಹೊಸ ಫೋಲ್ಡರಿಗೆ ಸರಿಸುತ್ತಾ ಹೋದೆ. ಬಸ್ಸು ಬಟ್ಟೆಮಲ್ಲಪ್ಪದಲ್ಲಿ ನಿಂತಾಗ ಹನ್ನೆರಡು ಆಗಿತ್ತು. ಪಕ್ಕದಲ್ಲಿ ಕೂತ ಹೆಂಗಸು ಬಗ್ಗಿ ನೋಡಿ, "ಎಂತ ಬರೀತಾ ಇದೀರಿ ಅಷ್ಟೊತ್ತಿಂದ?" ಅಂದಳು. "ನಾಮಕರಣ," ಅಂದೆ. ಮಿಕ್ಕದ್ದನ್ನು ಮನೆಗೆ ಬಂದು ಊಟದ ಮುಂಚೆ ಮುಗಿಸಿದೆ. ಒಂದು ಕಡೆ ಮಾತ್ರ ಫೋನು ಏನೋ ಕೇಳಿತು: ಇದೇ ಹೆಸರಿನದು ಅಲ್ಲಿದೆ, ಬದಲಾಯಿಸಲೇ? ಬದಲಾಯಿಸುವ ಕೆಲಸವನ್ನೇ ತಾನೇ ನಾನು ಮಾಡುತ್ತಿದ್ದದ್ದು? ಹೌದು ಎಂದು ಒತ್ತಿದೆ.

ಸಂಜೆ ಅವಳು ಬರುವಷ್ಟರಲ್ಲಿ, ಹೆಸರಿಡುತ್ತಾ ಹಾಳೆಯಲ್ಲಿ ಗುರುತು ಹಾಕಿಕೊಂಡದ್ದನ್ನು ರಿಜಿಸ್ಟರಿನಲ್ಲಿ ಒಂದರಿಂದ ನಲವತ್ತೊಂದರವರೆಗೆ ಬರೆದಿಟ್ಟು, ಹೊಗಳಿಸಿಕೊಳ್ಳಲು ಕಾದು ಕೂತಿದ್ದೆ.

ಅವಳು ಆಜ್ಞೆ ಕೊಟ್ಟಳು. ಕಂಪ್ಯೂಟರ್ ಸೂಚಿ ಓದಿತು. 'ಫೈಲ್ ಸಿಗಲಿಲ್ಲ' ಅಂದಿತು. ಮತ್ತೊಂದು, ಅದೂ ಸಿಗಲಿಲ್ಲ. ಪರದೆ ತುಂಬ ಅದೇ ಸಾಲು.

"ಅಜ್ಜಿ," ಅಂದಳು ನಿಧಾನವಾಗಿ, "ಬಣ್ಣದ ಸಾಮಾನು ಅಂದ್ರೆ ಎಂತ?"

ವಿವರಿಸಿದೆ. ವಿವರಿಸುತ್ತಾ ಹೋದ ಹಾಗೆ ನನ್ನ ಧ್ವನಿ ನನಗೇ ಸಣ್ಣದಾಗಿ ಕೇಳಿಸಿತು. ಸೂಚಿಯಲ್ಲಿ ಇರುವುದು ಹಳೆಯ ಹೆಸರುಗಳು. ಕಂಪ್ಯೂಟರ್ ಆ ಹೆಸರನ್ನು ಹಿಡಿದು ಹುಡುಕುತ್ತದೆ, ನಾನು ಎಲ್ಲರ ಹೆಸರನ್ನೂ ಬದಲಿಸಿ ಬೇರೆ ಕೋಣೆಯಲ್ಲಿ ಕೂರಿಸಿದ್ದೆ. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಾನಿಟ್ಟ ಹೆಸರುಗಳನ್ನು ಒಂದೊಂದಾಗಿ ಬೆರಳಿಟ್ಟು ಓದುತ್ತಾ ಕೂತಳು. ಅಷ್ಟರಲ್ಲಿ ಅವಳ ಒಂದು ಗಂಟೆ ಮುಗಿಯಿತು.

ಮಾರನೇ ಬೆಳಿಗ್ಗೆ ಬಂದವಳು ಒಂದು ದಾರಿ ಕಂಡುಕೊಂಡಿದ್ದಳು. ಹೊರಗಿನ ಹೆಸರು ಏನೇ ಇರಲಿ, ಪ್ರತಿ ಫೈಲೂ ಕಟ್ಟಿದ ಪೊಟ್ಟಣದ ಹಾಗೆ, ಒಳಗೆ ಅದರ ನಿಜವಾದ ಹೆಸರು ಬರೆದಿರುತ್ತದಂತೆ. ಅದನ್ನು ಓದಿ ಹೇಳು ಎಂದು ಒಂದೊಂದಕ್ಕೂ ಆಜ್ಞೆ ಕೊಟ್ಟಳು. ಅವಳು ಓದಿದಳು, ನಾನು ರಿಜಿಸ್ಟರಿನಲ್ಲಿ ಪಕ್ಕಕ್ಕೆ ಬರೆದುಕೊಂಡೆ. ಎರಡು ದಿನದ ನಾಲ್ಕು ಗಂಟೆ ಇದಕ್ಕೇ ಹೋಯಿತು. ನಲವತ್ತಕ್ಕೆ ನಿಂತಿತು.

ಸಾಗರಕ್ಕೆ ಕೊಟ್ಟು ಕಳಿಸಿದ್ದ ತನ್ನ ಪಟ್ಟಿಯ ಜೊತೆ ತಾಳೆ ಹಾಕಿ, "ಡೇಟಾಬೇಸ್ ಮ್ಯಾನ್ಯುಯಲ್ಲೇ ಇಲ್ಲ," ಅಂದಳು. 'ಡೇಟಾಬೇಸ್' ಎಂದು ನಾನು ಹೆಸರಿಟ್ಟದ್ದು ಇತ್ತು. ಅದರೊಳಗೆ ಇದ್ದದ್ದು ಎರಡು ಹಾಳೆಯ ಯಾವುದೋ ಟಿಪ್ಪಣಿ.

ಫೋನು ಕೇಳಿದ ಪ್ರಶ್ನೆ ಆಗ ನೆನಪಾಯಿತು. ಎರಡಕ್ಕೂ ಒಂದೇ ಹೆಸರು ಇಟ್ಟಿದ್ದೆ. ಎರಡನೆಯದು ಮೊದಲಿನದನ್ನು ನುಂಗಿತ್ತು.

"ಅಂಗಡಿಯವ್ಳು ಹಾಕೋಕೆ ಮರೆತ್ಲೇನೋ," ಅಂದೆ ನಾನು.

ಅರವತ್ತೊಂಬತ್ತು ವರ್ಷದ ಬಾಯಿಂದ ಅಷ್ಟು ಸಲೀಸಾಗಿ ಬಂತು ಆ ಮಾತು. ಅವಳು ನನ್ನ ಮುಖ ನೋಡಿದಳು. "ಇರಬಹುದು," ಅಂದಳು.

ಇದ್ದಷ್ಟನ್ನಾದರೂ ಕೂರಿಸೋಣ ಎಂದು ಎಲ್ಲವನ್ನೂ ಒಟ್ಟಿಗೆ ಹಾಕಲು ನೋಡಿದಳು. ಓದುವ ತಂತ್ರಾಂಶದ ಬಳಗದಲ್ಲಿ ಎರಡು ಈ ಕಂಪ್ಯೂಟರಿನಲ್ಲಿ ಮೊದಲೇ ಇದ್ದ ಹಳೆಯವುಗಳ ಜೊತೆ ಹೊಂದಲಿಲ್ಲ. ತಂತ್ರಾಂಶ ಅರ್ಧ ಕೂತು ಅರ್ಧ ನಿಂತಿತು. ಅಲ್ಲಿಂದ ಮುಂದೆ ಏನು ಕೇಳಿದರೂ, ಮೊದಲು ಆ ಅರ್ಧವನ್ನು ಸರಿಮಾಡು ಎಂದು ಕಂಪ್ಯೂಟರ್ ಹಟ ಹಿಡಿಯಿತು. ಸರಿಮಾಡಲು ಇಂಟರ್ನೆಟ್ ಬೇಕು. ಅವಳು ಕುರ್ಚಿಯನ್ನು ಹಿಂದಕ್ಕೆ ತಳ್ಳಿದಳು.

"ಬಿಟ್ಬಿಡ್ತೀನಿ ಅಜ್ಜಿ. ಇನ್ನಾರು ದಿನ ಇದೆ. ಇದ್ರಲ್ಲೇ ಗುದ್ದಾಡ್ತಾ ಕೂತ್ರೆ ಓದೋದು ಯಾವಾಗ?"

ನನಗೆ ಹೊಳೆದದ್ದು ದೊಡ್ಡ ಬುದ್ಧಿಯದ್ದೇನಲ್ಲ. ನಮ್ಮಲ್ಲಿ ಹೊಲಿಗೆ ಬಿಟ್ಟ ಪುಸ್ತಕಗಳಿವೆ. ಬೈಂಡ್ ಮಾಡಿಸಲು ಆಗದಿದ್ದರೆ ಹಾಳೆಗಳನ್ನು ದಾರ ಕಟ್ಟಿ ಹಾಗೆಯೇ ಓದಲು ಕೊಡುತ್ತೇನೆ.

"ಆ ಓದ್ಸೋ ತಂತ್ರಾಂಶ ಹಾಳಾಗಿ ಹೋಗ್ಲಿ. ಪುಸ್ತಕ ಇರೋದು ಪೊಟ್ಣದೊಳ್ಗೆ ಅಲ್ವನೇ? ಕೂರ್ಸೋದು ಬೇಡ. ಬಿಚ್ಚಿ ಹಾಳೆ ಹರ್ಡೋಕೆ ಆಗಲ್ವಾ?"

ಅವಳು ಕುರ್ಚಿ ಮುಂದೆ ಎಳೆದುಕೊಂಡಳು. ಪೊಟ್ಟಣ ಬಿಚ್ಚಿ ಒಳಗಿನದನ್ನು ಒಂದು ಫೋಲ್ಡರಿಗೆ ಸುರಿಯುವ ಆಜ್ಞೆ ಒಂದೇ ಸಾಲಿನದು. ಯಾವ ಬಳಗವನ್ನೂ ಅದು ಕೇಳಲಿಲ್ಲ. ಫೋಲ್ಡರಿನ ಒಳಗೆ ಫೋಲ್ಡರ್, ಅದರೊಳಗೆ ಇನ್ನೊಂದು, ಕೊನೆಗೆ ಸಾಲಾಗಿ ಪುಟಗಳು. ಮೊದಲ ಪುಟವನ್ನು ಬ್ರೌಸರಿನಲ್ಲಿ ತೆರೆದು ಒಂದು ಅಧ್ಯಾಯ ಒತ್ತಿದಳು. ಬಂತು. ಇನ್ನೊಂದು ಒತ್ತಿದಳು. ಅದೂ ಬಂತು. ಕೈಪಿಡಿ ಎನ್ನುವುದು ಬರೀ ಪುಟ, ಅದಕ್ಕೆ ಮೂವತ್ತೆರಡೂ ಇಲ್ಲ, ಅರವತ್ನಾಲ್ಕೂ ಇಲ್ಲ.

ಆ ಒಂದು ಗಂಟೆ ಅವಳು ತಲೆ ಎತ್ತಲಿಲ್ಲ. ಮುಂದಿನ ದಿನಗಳಲ್ಲೂ ಪೈಥಾನಿನ ಕೈಪಿಡಿಯಲ್ಲಿ ತನ್ನ ಮನೆಯಲ್ಲಿ ಓಡಾಡಿದಂತೆ ಓಡಾಡಿದಳು. ನಾನು ಗಡಿಯಾರ ಹಿಡಿದು, "ಫೈಲ್ ಓದೋದು ಎಲ್ಲಿದೆ?" ಎಂದು ಅವಳು ಚೀಟಿಯಲ್ಲಿ ಬರೆದುಕೊಟ್ಟ ಪ್ರಶ್ನೆ ಕೇಳುತ್ತಿದ್ದೆ, ಅರ್ಧ ನಿಮಿಷದಲ್ಲಿ ತೋರಿಸುತ್ತಿದ್ದಳು. ಡೇಟಾಬೇಸಿನ ಪ್ರಶ್ನೆಗಳು ಚೀಟಿಯ ಹಿಂದಿನ ಬದಿಯಲ್ಲಿದ್ದವು. ಆ ಬದಿಯನ್ನು ನಾವಿಬ್ಬರೂ ತಿರುಗಿಸಲಿಲ್ಲ.

ಪರೀಕ್ಷೆಗೆ ಮೂರು ದಿನ ಇದ್ದಾಗ, ಯಾರಿಗೂ ಹೇಳದೆ ಸಾಗರಕ್ಕೆ ಹೋದೆ. ಝೆರಾಕ್ಸ್ ಅಂಗಡಿಯ ಶಟರ್ ಎಳೆದಿತ್ತು. ತಂಗಿಯ ಮದುವೆ, ನಾಲ್ಕು ದಿನ ರಜೆ ಎಂದು ಕಾಗದ ಅಂಟಿಸಿತ್ತು. ಇನ್ನೆರಡು ಅಂಗಡಿಗೆ ಹೋದೆ. ಒಬ್ಬ, "ಅದೆಲ್ಲ ನಮಗೆ ಗೊತ್ತಾಗಲ್ಲ ಅಮ್ಮ, ಆಧಾರ್ ಪ್ರಿಂಟಾದ್ರೆ ಹೇಳಿ," ಅಂದ. ಇನ್ನೊಬ್ಬ ತಲೆಯನ್ನೇ ಎತ್ತಲಿಲ್ಲ. ಸಾಗರದಲ್ಲಿ ನನ್ನ ಫೋನಿಗೇ ಇಂಟರ್ನೆಟ್ ಬರುತ್ತದೆ ಎಂದು ನೆನಪಾಗಿ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತೆ. ಪಟ್ಟಿಯಿಂದ ಆ ಫೈಲಿನ ವಿಳಾಸವನ್ನು ಕೈಯಲ್ಲಿ ಬರೆದುಕೊಂಡು ಬಂದಿದ್ದೆ, ಎರಡು ಸಾಲು ಉದ್ದ. ಕನ್ನಡದಲ್ಲಾದರೆ ನನ್ನ ಬೆರಳು ಓಡುತ್ತದೆ. ಇಂಗ್ಲಿಷ್ ಅಕ್ಷರ ಒಂದೊಂದನ್ನೇ ಹುಡುಕಿ ಒತ್ತಿದೆ. ಆ ಪುಟ ಇಲ್ಲ ಎಂದು ಬಂತು. ಎಲ್ಲಿ ತಪ್ಪಿತು ಎಂದು ತಿಳಿಯದೆ ಮೊದಲಿಂದ ಒತ್ತಿದೆ. ಒಂಬತ್ತು ಸಲ ಒತ್ತಿದೆ. ಬರೆದುಕೊಳ್ಳುವಾಗಲೇ ತಪ್ಪಿದ್ದೆನೋ ಏನೋ, ಇವತ್ತಿಗೂ ಗೊತ್ತಿಲ್ಲ.

"ಹತ್ತೋದಾದ್ರೆ ಹತ್ತಿ ಅಜ್ಜಿ," ಅಂದ ಕಂಡಕ್ಟರ್. ಹತ್ತಿದೆ.

ಪರೀಕ್ಷೆಯ ದಿನ ಅವಳ ತಾಯಿಯ ಹತ್ತಿರ ನಾನು ಕೂರುವುದೆಂದು ಮಾತಾಗಿತ್ತು. ಹೊಸನಗರಕ್ಕೆ ಹೋಗುವ ಮೊದಲ ಬಸ್ಸು ಹಿಡಿದು ಅಲ್ಲಿಂದ ತೀರ್ಥಹಳ್ಳಿಗೆ ಬದಲಿಸಬೇಕು. ನಾನು ರಸ್ತೆಯವರೆಗೆ ಹೋದೆ. ಬಸ್ಸು ದೂರದಲ್ಲಿ ಕಂಡ ಮೇಲೆ ಧೈರ್ಯ ಬಂತು. ಜಾಸ್ತಿ ಹೊತ್ತು ಅವಳ ಮುಖ ನೋಡಬೇಕಿರಲಿಲ್ಲವಲ್ಲ.

"ತಂಗೀ, ಆ ಡೇಟಾಬೇಸಿಂದು ಅಂಗಡಿಯವ್ಳು ಮರೆತಿದ್ದಲ್ಲ. ನಾನೇ ಅಳಿಸಿದ್ದು."

"ಗೊತ್ತು ಅಜ್ಜಿ."

"ಯಾವಾಗಿಂದ?"

"ನಿಮ್ ರಿಜಿಸ್ಟರಲ್ಲಿ ನಲವತ್ತೊಂದು ಬರೆದಿತ್ತಲ್ಲ. ಅಂಗಡೀಲಿ ಮರೆತಿದ್ರೆ ನೀವು ನಲವತ್ತು ಬರೀಬೇಕಿತ್ತು." ಬಸ್ಸು ನಿಂತಿತು. ಮೆಟ್ಟಿಲು ಹತ್ತಿ ತಿರುಗಿ, "ಅಮ್ಮಂಗೆ ಹತ್ತು ಗಂಟೆಗೆ ಮಾತ್ರೆ. ಅದರ ಹೆಸ್ರು ಮಾತ್ರ ಬದಲಾಯ್ಸಬೇಡಿ," ಅಂದಳು.

ನಗಬೇಕೋ ಬೇಡವೋ ತಿಳಿಯದೆ ನಿಂತೆ. ಬಸ್ಸು ಹೋಯಿತು.

ಅವಳ ತಾಯಿ ಅವತ್ತು ಹತ್ತು ಸಲ ಗಂಟೆ ಕೇಳಿದರು. ಹನ್ನೊಂದಾಯಿತು ಎಂದು ಹೇಳಿದಾಗ, "ಈಗ ಶುರುವಾಗಿರತ್ತೆ," ಅಂದರು. ಮತ್ತೆ, "ನಾ ಬೀಳ್ದೇ ಇದ್ದಿದ್ರೆ ಅವ್ಳು ಅಲ್ಲೇ ಇದ್ಕೊಂಡು ಓದ್ಕಳ್ತಿದ್ಲು," ಅಂದರು.

"ನೀ ಬಚ್ಚಲಲ್ಲಿ ಬಿದ್ದೆ, ನಾ ಬಸ್ಸಲ್ಲಿ ಬಿದ್ದೆ. ಸುಮ್ನೆ ಮಲಕ್ಕೊ."

"ನಿಮಗೆಂತ ಆಯ್ತು? ಪೆಟ್ಟಾಯ್ತಾ?"

"ನಂಗಾಗ್ಲಿಲ್ಲ," ಅಂದೆ.

ಸಂಜೆ ಅವಳು ಬಂದು ಮೊದಲು ತಾಯಿಯ ಬೆನ್ನಿಗೆ ಕೈಕೊಟ್ಟು ಮಗ್ಗುಲು ಬದಲಿಸಿದಳು. ಆಮೇಲೆ ಹೇಳಿದಳು: ಪೈಥಾನಿನದ್ದು ನಲವತ್ತು ನಿಮಿಷದಲ್ಲಿ ಮುಗಿಯಿತು. ಡೇಟಾಬೇಸಿನ ಕೈಪಿಡಿ ಅಲ್ಲಿನ ಯಂತ್ರದಲ್ಲಿ ಇತ್ತು. ಬೇಕಾದ ಪುಟ ಸಿಗುವಾಗ ಐದು ನಿಮಿಷ ಉಳಿದಿತ್ತು.

ಫಲಿತಾಂಶದ ಪಟ್ಟಿಯಲ್ಲಿ ಅವಳ ಹೆಸರು ಮೂರನೆಯದಾಗಿ ಬಂತು. ಕಾಲೇಜಿನಿಂದ ಫೋನ್ ಬಂದಾಗ ಅವಳು ವಾಚನಾಲಯದ ಬಾಗಿಲಲ್ಲೇ ಇದ್ದಳು. ನಾಲ್ಕು ಸಲ "ಹೂಂ ಮೇಡಂ" ಅಂದಳು, ಒಂದು ಸಲ "ಥ್ಯಾಂಕ್ಸ್ ಮೇಡಂ" ಅಂದಳು.

ಮುಂದಿನ ವಾರ ಕೊಂಡಿ ವಾಪಸ್ ಕೊಡಲು ಹೋದಾಗ ಝೆರಾಕ್ಸ್ ಅಂಗಡಿಯವಳಿಗೆ ಹೇಳಿ ಆ ಒಂದು ಫೈಲ್ ಹಾಕಿಸಿಕೊಂಡು ಬಂದೆ. ಪೆನ್‌ಡ್ರೈವನ್ನು ಫೋನಿನ ಹತ್ತಿರಕ್ಕೂ ಒಯ್ಯಲಿಲ್ಲ. ಬಿಚ್ಚುವ ಆಜ್ಞೆಯನ್ನು ಅವಳು ಹಿಂದೆ ರಿಜಿಸ್ಟರಿನ ಕೊನೆಯ ಹಾಳೆಯಲ್ಲಿ ಬರೆದುಕೊಟ್ಟಿದ್ದಳು. ಒಂದೊಂದೇ ಅಕ್ಷರ ನೋಡಿ ಒತ್ತಿದೆ. ಮೊದಲ ಸಲಕ್ಕೇ ಆಯಿತು. ಐದು ನಿಮಿಷ ಕೂಡ ಬೇಕಾಗಲಿಲ್ಲ. ಡೇಟಾಬೇಸಿನ ಕೈಪಿಡಿಯ ಮೊದಲ ಪುಟ ಪರದೆ ತುಂಬ ಬಂತು.

ಅವಳನ್ನು ಕರೆದೆ. ಬಂದು ಹೊಸ್ತಿಲ ಮೇಲೆ ನಿಂತು ನೋಡಿದಳು.

"ಈಗ ಎಂತಕ್ಕೆ ಅಜ್ಜಿ?"

ಕುರ್ಚಿಯನ್ನು ಸೆರಗಿನಿಂದ ಒರೆಸಿ ಅವಳ ಕಡೆ ತಿರುಗಿಸಿದೆ. ಅವಳು ಒಳಗೆ ಬಾರದೆ, "ಗಂಜಿ ಒಲೆ ಮೇಲಿಟ್ಟು ಬಂದಿದೀನಿ," ಎಂದು ಹೋದಳು.

ಪುಟ ಮುಚ್ಚುವುದು ಹೇಗೆಂದು ನನಗೆ ಗೊತ್ತಿತ್ತು. ಮುಚ್ಚಲಿಲ್ಲ. ಕರೆಂಟು ಹೋಗುವವರೆಗೂ ಅದು ಹಾಗೆಯೇ ತೆರೆದಿತ್ತು.